ಕಿಸಾನ್ ರೈಲು: ತಂಪು ಸಾಗಣೆಗೆ ಸರ್ಕಾರದ ನೆರವು

ಬೇಗ ಕೆಡುವ ಹಣ್ಣು, ತರಕಾರಿ, ಹಾಲು, ಮೀನನ್ನು ದೂರದ ಪೇಟೆಗೆ ಮುಟ್ಟಿಸಲು ಭಾರತೀಯ ರೈಲ್ವೆ ಓಡಿಸಿದ ವಿಶೇಷ ಪಾರ್ಸೆಲ್ ರೈಲುಗಳೇ ಕಿಸಾನ್ ರೈಲು. 2020ರ ಫೆಬ್ರವರಿ 1ರಂದು ಕೇಂದ್ರ ಬಜೆಟ್ ಮಂಡಿಸಿದ ನಿರ್ಮಲಾ ಸೀತಾರಾಮನ್ ಇದನ್ನು ಪ್ರಕಟಿಸಿದರು. ಎಕ್ಸ್‌ಪ್ರೆಸ್ ಮತ್ತು ಗೂಡ್ಸ್ ರೈಲುಗಳಲ್ಲಿ ಶೈತ್ಯೀಕೃತ ಬೋಗಿ ಇರುತ್ತದೆಂದೂ ಹೇಳಿದರು.

ತಂಪು ಸಾಗಣೆ ಹೊಸದೇನಲ್ಲ: ಅಮೆರಿಕದ ಮಾಂಸದ ವ್ಯಾಪಾರಿ ಗಸ್ಟಾವಸ್ ಸ್ವಿಫ್ಟ್ 1870ರ ದಶಕದ ಕೊನೆಗೇ ಮಂಜುಗಡ್ಡೆ ತುಂಬಿದ ಬೋಗಿಗಳಲ್ಲಿ ಷಿಕಾಗೋದಿಂದ ಪೂರ್ವದ ನಗರಗಳಿಗೆ ಸರಕು ಕಳಿಸುತ್ತಿದ್ದ. ಸಣ್ಣ ಹಿಡುವಳಿದಾರನಿಗೆ ಅಂಥ ಬೋಗಿಗಳಿಗೆ ಬೇಕಾದ ಬಂಡವಾಳ ಎಲ್ಲಿಂದ ಬರಬೇಕು? ಸರ್ಕಾರ ಕೈಜೋಡಿಸಬೇಕಾದದ್ದು ಇಲ್ಲಿಯೇ.

ಮೊದಲ ಕಿಸಾನ್ ರೈಲು 2020ರ ಆಗಸ್ಟ್ 7ರಂದು ಮಹಾರಾಷ್ಟ್ರದ ದೇವಳಾಲಿಯಿಂದ ಬಿಹಾರದ ದಾನಾಪುರಕ್ಕೆ ಹೊರಟಿತು. ಕರ್ನಾಟಕದ ಸರದಿ ಸೆಪ್ಟೆಂಬರ್ 19ರಂದು ಬಂತು: ಬೆಂಗಳೂರಿನಿಂದ ಮೈಸೂರು, ಹಾಸನ, ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿ ಮಾರ್ಗವಾಗಿ ದೆಹಲಿಯ ಹಜರತ್ ನಿಜಾಮುದ್ದೀನ್‌ಗೆ. ಅಕ್ಟೋಬರ್ 14ರಿಂದ ‘ಆಪರೇಷನ್ ಗ್ರೀನ್ಸ್’ ಯೋಜನೆಯಡಿ ಹಣ್ಣು-ತರಕಾರಿಯ ಬಾಡಿಗೆಯಲ್ಲಿ ಶೇ 50ರಷ್ಟನ್ನು ಆಹಾರ ಸಂಸ್ಕರಣಾ ಸಚಿವಾಲಯ ಭರಿಸತೊಡಗಿತು. ಕನಿಷ್ಠ ತೂಕದ ಷರತ್ತೂ ಇರಲಿಲ್ಲ, 50 ಕೆ.ಜಿ. ಮಾಲನ್ನೂ ಬುಕ್ ಮಾಡಬಹುದಿತ್ತು. ಬಡ ರೈತನ ಮಟ್ಟಿಗೆ ಸಬ್ಸಿಡಿಗಿಂತ ಇದೇ ದೊಡ್ಡ ಅನುಕೂಲ. 2023ರ ಜನವರಿ ವೇಳೆಗೆ 2,300ಕ್ಕೂ ಹೆಚ್ಚು ಓಡಾಟಗಳಲ್ಲಿ ಸುಮಾರು 7.9 ಲಕ್ಷ ಟನ್ ಸರಕು ಸಾಗಿತ್ತು.

ತಂಪಿನ ಮಾತು ಮಾತ್ರ ಹಿಂದೆ ಉಳಿಯಿತು. ಕಪೂರ್ತಲಾದ ರೈಲು ಬೋಗಿ ಕಾರ್ಖಾನೆಯಿಂದ ಬಂದ, ತಲಾ 17 ಟನ್ ಹಿಡಿಸುವ ಶೈತ್ಯೀಕೃತ ವ್ಯಾನುಗಳು ಇದ್ದದ್ದು ಬೆರಳೆಣಿಕೆಯಷ್ಟು. ಹೆಚ್ಚಿನ ಸರಕು ಸಾಗಿದ್ದು ಮಾಮೂಲಿ ಪಾರ್ಸೆಲ್ ವ್ಯಾನುಗಳಲ್ಲೇ.

ಕರಾವಳಿಯ ಅಂಕೋಲಾದ ಕರಿ ಇಶಾಡ ಮಾವಿಗೆ ಈ ಕೊರತೆಯ ಬಿಸಿ ಚೆನ್ನಾಗಿಯೇ ತಟ್ಟುತ್ತದೆ. ತೆಳು ಸಿಪ್ಪೆ, ತುಂಬು ತಿರುಳು, ಹಣ್ಣಾದ ಮೇಲೆ ನಾಲ್ಕಾರು ದಿನದ ಬಾಳಿಕೆ. 2023ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕರೂ ಹಣ್ಣಿನ ಸಿಪ್ಪೆಯೇನೂ ದಪ್ಪವಾಗಲಿಲ್ಲ. ಕೊಂಕಣ ರೈಲು 1998ರಿಂದ ಪೂರ್ಣವಾಗಿ ಓಡುತ್ತಿದೆ, ಊರಲ್ಲೇ ನಿಲ್ದಾಣವಿದೆ. ಆದರೆ ಬೆಂಗಳೂರಿನಿಂದ ಬರುತ್ತಿದ್ದ ಕಿಸಾನ್ ರೈಲನ್ನು ಹಿಡಿಯಬೇಕಾದರೆ ಬಾಳೆಗುಳಿ ಕ್ರಾಸಿನಲ್ಲಿ ಕರಾವಳಿ ಹೆದ್ದಾರಿ ಬಿಟ್ಟು, ಲಾರಿಯಲ್ಲಿ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೇ ಹೋಗಬೇಕಿತ್ತು. ಆ ದಾರಿಗೆ ಬದಲಾಗಬಹುದಾಗಿದ್ದ ಸುಮಾರು 164 ಕಿ.ಮೀ. ಉದ್ದದ ಹುಬ್ಬಳ್ಳಿ–ಅಂಕೋಲಾ ರೈಲುಮಾರ್ಗ 1990ರ ದಶಕದಿಂದಲೂ ಕಾಡಿನ ಪ್ರಶ್ನೆಗೆ ಸಿಲುಕಿದೆ. 2020ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿದರೂ ಹೈಕೋರ್ಟ್ ತಡೆ ನೀಡಿತು. ಕಾಡಿನ ಪರವಾದ ವಾದವನ್ನು ತಳ್ಳಿಹಾಕುವಂತಿಲ್ಲ.

ಆ ರೈಲುಮಾರ್ಗದ ತೀರ್ಮಾನಕ್ಕೆ ಕಾಯದೇ ಮಾಡಬಹುದಾದ ಕೆಲಸವೂ ಇದೆ. ಅಂಕೋಲಾ, ಕಾರವಾರ ನಿಲ್ದಾಣಗಳಲ್ಲಿ ಒಂದೊಂದು ತಂಪು ಕೋಣೆ, ಮಾವಿನ ಹಂಗಾಮಿನಲ್ಲಿ ಕೊಂಕಣ ರೈಲಿಗೆ ಒಂದು ಶೈತ್ಯೀಕೃತ ವ್ಯಾನು. ಬಾಡಿಗೆಯ ರಿಯಾಯಿತಿಗಿಂತ ಮೊದಲು ಈ ಕರಾವಳಿಗೆ ಬೇಕಾದದ್ದು ಇವೆರಡೇ.