ಕೂಸನ್ನು ಎತ್ತಿಕೊಳ್ಳುವವರು: ಕೋಲಾರ ಸೀಮೆಯಲ್ಲಿ ಎಳೆಮಿದುಳಿನ ಅಧ್ಯಯನಕ್ಕೆ ಒಂದು ವಿಧಾನಚರ್ಚೆ

ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರವು 2018ರಲ್ಲಿ ‘ಸ್ಯಾನ್ಸ್‌ಕಾಗ್’ ಅಧ್ಯಯನ ಆರಂಭಿಸಿತು. 45 ದಾಟಿದ ಸುಮಾರು 10,000 ಮಂದಿಯನ್ನು ವರ್ಷಗಟ್ಟಲೆ ಗಮನಿಸಿ, ವಯಸ್ಸಾದಂತೆ ನೆನಪು ಹೇಗೆ ಕುಂದುತ್ತದೆಂದು ಅರಿಯುವುದು ಅದರ ಗುರಿ. ಅವೇ ಮನೆಗಳ ಕೂಸುಗಳ ಭಾವವಿಕಾಸವನ್ನು ಅಳೆಯಹೊರಟರೆ ಯಾವ ಅಳತೆಗೋಲು ಹಿಡಿಯಬೇಕು? ತಾಯಿ-ಮಗು ಎಂಬ ಜೋಡಿಯೊಂದನ್ನೇ ನೆಚ್ಚಿದ ಸಾಧನಗಳು ಇಲ್ಲಿ ಸಾಲವು ಎಂಬುದು ನನ್ನ ವಾದ.

ಮಿದುಳಿನಲ್ಲಿ ಭಯಕ್ಕೆ ಮಿಡಿಯುವ ಅಮಿಗ್ಡಲ ಎಂಬ ಭಾಗ ಬೇಗ ಚುರುಕಾಗುತ್ತದೆ. ಅದಕ್ಕೆ ಲಗಾಮು ಹಾಕುವ ಹಣೆಭಾಗದ ಕಾರ್ಟೆಕ್ಸ್ ಪಕ್ವವಾಗಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಬೇಕು. ಅಲ್ಲಿಯವರೆಗೆ ಅಳುವ ಮಗುವನ್ನು ಸಂತೈಸುವ ಹಿರಿಯರೇ ಆ ಕೆಲಸ ಮಾಡಬೇಕು. ಮನೋವಿಜ್ಞಾನಿ ಮೇರಿ ಐನ್ಸ್‌ವರ್ತ್ ಮಗುವಿಗೂ ಸಂತೈಸುವವರಿಗೂ ಇರುವ ಈ ನಂಟನ್ನು ಮೊದಲು ಗಮನಿಸಿದ್ದು 1954-55ರಲ್ಲಿ, ಉಗಾಂಡದ ಹಳ್ಳಿಮನೆಗಳಲ್ಲಿ. ಆಮೇಲೆ ಬಾಲ್ಟಿಮೋರಿನಲ್ಲಿ ಅವರು ರೂಪಿಸಿದ ಪ್ರಯೋಗದಲ್ಲಿ ಒಂದು ವರ್ಷದ ಆಸುಪಾಸಿನ ಮಗುವನ್ನು ಅಪರಿಚಿತ ಕೋಣೆಯಲ್ಲಿ ಕೆಲ ನಿಮಿಷ ಒಂಟಿಯಾಗಿ ಬಿಡಲಾಗುತ್ತದೆ. 1980ರ ದಶಕದಲ್ಲಿ ಜಪಾನಿನ ಸಪ್ಪೊರೊದಲ್ಲಿ ಇದನ್ನೇ ಮಾಡಿದಾಗ ಅನೇಕ ಶಿಶುಗಳು ವಿಪರೀತ ಅತ್ತವು. ಒಂಟಿಯಾಗಿದ್ದೇ ಗೊತ್ತಿಲ್ಲದ ಮಕ್ಕಳ ಅಳುವಿಗೆ ನಂಟಿನ ದೋಷವೇ ಕಾರಣವೆನ್ನಲಾಗದು. ಅಜ್ಜಿಯ ಮಡಿಲಿಂದ ಅಕ್ಕನ ಸೊಂಟಕ್ಕೆ ದಾಟುತ್ತ ಬೆಳೆಯುವ ಮುಳಬಾಗಿಲಿನ ಕೂಸಿಗೂ ಆ ಕೋಣೆ ಅಷ್ಟೇ ವಿಚಿತ್ರ.

ರೇಷ್ಮೆಹುಳು ಸಾಕುವ ಮನೆಯೊಂದನ್ನು ನೋಡಿ. ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ಹಂತ, ದಾಟಿ ಎದ್ದ ಹುಳು ವಾರದ ಮಟ್ಟಿಗೆ ಹಗಲಿರುಳೂ ಸೊಪ್ಪು ತಿನ್ನುತ್ತದೆ. ಸೊಪ್ಪು ಕೊಯ್ದು, ಹೊತ್ತು ತಂದು, ಹಾಕಿ, ಹಣ್ಣಾದ ಹುಳುವನ್ನು ಆಯ್ದು ಗೂಡು ಕಟ್ಟಲು ಚಂದ್ರಿಕೆಗೆ ಬಿಡುವಷ್ಟರಲ್ಲಿ ತಾಯಿಗೆ ಹಾಲೂಡಿಸುವಷ್ಟು ಹೊತ್ತು ಸಿಕ್ಕರೆ ಹೆಚ್ಚು. ಆ ವಾರ ಮಗುವನ್ನು ಆಡಿಸುವುದು, ಉಣ್ಣಿಸುವುದು, ಮಲಗಿಸುವುದು ಬೇರೆಯವರೇ. ಗೂಡು ಮಾರಿದ ಮರುವಾರ ಅದೇ ಮನೆಗೆ ಹೋದರೆ ಕಾಣುವ ಚಿತ್ರವೇ ಬೇರೆ. ಹಾಗಾಗಿ ಒಂದೇ ಭೇಟಿಯ ಅಂಕಗಳನ್ನು ನಾನು ನಂಬಲಾರೆ. ಮಾವಿನ ಕೊಯ್ಲು, ಟೊಮೆಟೊ ಕಟಾವುಗಳೂ ಮನೆಯ ದಿನಚರಿಯನ್ನು ಹೀಗೆಯೇ ಬದಲಿಸುತ್ತವೆ. ಮಾಲೂರಿನ ಕಾರ್ಖಾನೆಯ ಪಾಳಿಯದು ಇನ್ನೊಂದು ಲೆಕ್ಕ.

ಭಾಷೆಯ ವಿಷಯದಲ್ಲೂ ಎಚ್ಚರ ಬೇಕು. ಮನೆಯಲ್ಲಿ ತೆಲುಗು, ಅಂಗನವಾಡಿಯಲ್ಲಿ ಕನ್ನಡ ಕೇಳುವ ಮಗುವಿನ ನುಡಿಯನ್ನು ಕನ್ನಡದಲ್ಲಷ್ಟೇ ಎಣಿಸಿದರೆ ಅರ್ಧ ಮಗುವನ್ನು ಅಳೆದಂತೆ. ದಖನಿ ಉರ್ದು, ತಮಿಳು ಮನೆಗಳಿಗೂ ಈ ಮಾತು ಸಲ್ಲುತ್ತದೆ.

ರಕ್ತಹೀನತೆ ಇನ್ನೂ ಸೂಕ್ಷ್ಮವಾದ ತೊಡಕು. ಕೋಸ್ಟರಿಕದಲ್ಲಿ ಸಂಶೋಧಕಿ ಬೆಟ್ಸಿ ಲೊಜಾಫ್ ನಡೆಸಿದ ಅಧ್ಯಯನದಲ್ಲಿ ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆಯಿದ್ದ ಶಿಶುಗಳು ಅಳುಕಿನಿಂದ ತಾಯಿಗೇ ಅಂಟಿಕೊಂಡಿರುತ್ತಿದ್ದವು. ಸೆರಗು ಬಿಡದ ಕೂಸು ಅಂಜುಬುರುಕಿಯೋ, ರಕ್ತ ಕಡಿಮೆಯಾದದ್ದೋ? ಹಿಮೋಗ್ಲೋಬಿನ್ ನೋಡದೆ ಮನಃಶಾಸ್ತ್ರದ ತೀರ್ಪು ಕೊಡಬಾರದು. ಕೊಳವೆಬಾವಿ ನೀರಿನ ಫ್ಲೋರೈಡನ್ನೂ ದಾಖಲಿಸಿಕೊಳ್ಳಬೇಕು. ಅದಕ್ಕೂ ಬುದ್ಧಿವಿಕಾಸಕ್ಕೂ ಇರುವ ಸಂಬಂಧ ಇನ್ನೂ ವಿವಾದದಲ್ಲಿದೆ.

ಮೂರರ ಒಳಗಿನ ಮಕ್ಕಳಿಗೆ ಅಂಗನವಾಡಿಯಿಂದ ಮುಖ್ಯವಾಗಿ ಸಿಗುವುದು ಮನೆಗೊಯ್ಯುವ ಪೌಷ್ಟಿಕ ಆಹಾರ, ತೂಕದ ತಪಾಸಣೆ. ಶಾಲಾಪೂರ್ವ ಕಲಿಕೆ ಮೂರರ ನಂತರ. ಹಾಗಾಗಿ ಮಿದುಳು ಅತಿವೇಗವಾಗಿ ಬೆಳೆಯುವ ವರ್ಷಗಳ ಬಗ್ಗೆ ಅಲ್ಲಿನ ದಾಖಲೆ ಪುಸ್ತಕ ಹೇಳುವುದು ಹೆಚ್ಚಾಗಿ ಕಿಲೋ ಲೆಕ್ಕವನ್ನೇ. ಆದರೆ ತಕ್ಕಡಿಗೆ ಮಗುವನ್ನು ಪ್ರತಿ ಸಲ ಯಾರು ತಂದರು, ಅತ್ತಾಗ ಯಾರು ಎತ್ತಿಕೊಂಡರೆ ಸುಮ್ಮನಾಯಿತು ಎಂಬುದು ಕಾರ್ಯಕರ್ತೆಯ ಕಣ್ಣೆದುರೇ ನಡೆಯುತ್ತದೆ. ಇವೆರಡನ್ನು ಬರೆದಿಡಲು ಯಂತ್ರ ಬೇಡ, ಎರಡು ಕಾಲಂ ಸಾಕು. ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆಯುವ ದುಬಾರಿ ಇಇಜಿ ಟೊಪ್ಪಿಗೆಯನ್ನು ಯಾವ ವಾರ, ಯಾರ ಮಡಿಲಲ್ಲಿ ಕೂತ ಮಗುವಿಗೆ ತೊಡಿಸಬೇಕೆಂಬುದು ಆ ಕಾಲಂಗಳಿಂದಲೇ ತೀರ್ಮಾನವಾಗಬೇಕು.