ಮನೆಯ ಕಪಾಟಿಗೆ ಹೊಸ ಪುಸ್ತಕ: ವೈಯಕ್ತಿಕ ಗ್ರಂಥ ಸಂಗ್ರಹದ ಹವ್ಯಾಸ

ವೈಯಕ್ತಿಕ ಗ್ರಂಥ ಸಂಗ್ರಹವೆಂದರೆ ವ್ಯಕ್ತಿಯೊಬ್ಬ ತನ್ನ ಅಭಿರುಚಿಗೆ ಅನುಗುಣವಾಗಿ, ಸ್ವಂತ ಖರ್ಚಿನಲ್ಲಿ, ವರ್ಷಗಳ ಕಾಲ ಕೂಡಿಸಿಟ್ಟ ಪುಸ್ತಕಗಳ ಸಮೂಹ. ಕೊಂಡ ಪುಸ್ತಕವನ್ನು ಓದಿ ಬದಿಗಿಡುವವನು ಓದುಗ. ಅದನ್ನು ಕಾಪಾಡಿ, ಅದರ ಜೊತೆಗೆ ನಿಲ್ಲಬೇಕಾದ ಮತ್ತೊಂದು ಪುಸ್ತಕಕ್ಕಾಗಿ ಹುಡುಕಾಟ ಆರಂಭಿಸುವವನು ಸಂಗ್ರಾಹಕ. ಇಂಥವರು ತಮ್ಮ ಕಪಾಟಿಗೆ ಹೊಸದಾಗಿ ಬಂದ ಪುಸ್ತಕಗಳನ್ನು ಸಮಾನ ಆಸಕ್ತರಿಗೆ ತೋರಿಸುವುದು, ಅದರ ಮುದ್ರಣ, ಬೆಲೆ, ದೊರೆತ ಸ್ಥಳಗಳ ವಿವರ ಹಂಚಿಕೊಳ್ಳುವುದು ಈ ಹವ್ಯಾಸದ ಅವಿಭಾಜ್ಯ ಅಂಗ. ಮೇಲ್ನೋಟಕ್ಕೆ ಇದು ಪ್ರದರ್ಶನಪ್ರಿಯತೆಯಂತೆ ಕಂಡರೂ, ಅಪರೂಪದ ಗ್ರಂಥವೊಂದು ಯಾರ ಬಳಿ ಉಳಿದಿದೆ ಎಂಬ ಮಾಹಿತಿ ಹೊರಬೀಳುವುದು ಬಹುಪಾಲು ಈ ಮಾರ್ಗದಿಂದಲೇ.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗಕ್ಕೆ ಈ ವಿಷಯದಲ್ಲಿ ವಿಶೇಷ ಸಂಬಂಧವಿದೆ. ಸೊಲ್ಲಾಪುರ-ವಿಜಯಪುರ ರೈಲು ಮಾರ್ಗದಲ್ಲಿರುವ ಲಚ್ಯಾಣದಂಥ ಊರುಗಳಿಂದ ದೊಡ್ಡ ಪುಸ್ತಕ ಮಳಿಗೆ ದೂರ. ಆದರೆ ಕನ್ನಡ ಸಾಹಿತ್ಯ ಚರಿತ್ರೆಯ ಎರಡು ಮಹತ್ವದ ಸಂಗ್ರಹ ಕಾರ್ಯಗಳು ನಡೆದದ್ದು ಇದೇ ನೆಲದಲ್ಲಿ.

ಅರಮನೆಯ ಗ್ರಂಥಗಳು

ಆದಿಲಶಾಹಿ ಅರಸರ ಕಾಲದಲ್ಲಿ ಬಿಜಾಪುರ ಗ್ರಂಥಪ್ರಿಯರ ನಗರವಾಗಿತ್ತು. ಅರಬ್ಬಿ ಮತ್ತು ಪಾರ್ಸಿ ಹಸ್ತಪ್ರತಿಗಳ ಅರಮನೆ ಸಂಗ್ರಹದಲ್ಲಿ ಉಳಿದ ಭಾಗ ಮುಂದೆ ಅಸರ್ ಮಹಲಿನಲ್ಲಿತ್ತು. ಬ್ರಿಟಿಷರ ಆಡಳಿತದಲ್ಲಿ, 1853ರಲ್ಲಿ, ಈ ಹಸ್ತಪ್ರತಿಗಳನ್ನು ಲಂಡನ್ನಿಗೆ ಸಾಗಿಸಲಾಯಿತು. ಇಂದು ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ.

ಸಂಗ್ರಾಹಕರು ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ಹಸ್ತಪ್ರತಿಗಳಲ್ಲಿ ಹಲವುಗಳ ಹಾಳೆಗಳ ಮೇಲೆ ಅರಮನೆಯ ಮುದ್ರೆ ಹಾಗೂ ಗ್ರಂಥವು ಭಂಡಾರಕ್ಕೆ ಸೇರಿದ ಬಗ್ಗೆ ಟಿಪ್ಪಣಿಗಳಿವೆ. ಅಂದಿನ ಗ್ರಂಥಪಾಲಕರು ಬರೆದಿಟ್ಟ ಈ ‘ಹೊಸ ಸೇರ್ಪಡೆ’ಯ ಟಿಪ್ಪಣಿಗಳಿಂದಲೇ ಇಂದಿನ ವಿದ್ವಾಂಸರು ಆ ಗ್ರಂಥಗಳು ಯಾರ ಕೈಯಿಂದ ಯಾರ ಕೈಗೆ ಬಂದವೆಂದು ತಿಳಿಯುವುದು ಸಾಧ್ಯವಾಗಿದೆ. ಗ್ರಂಥಗಳು ಊರು ಬಿಟ್ಟರೂ ಊರಿನ ಗುರುತು ಅಳಿಸಿಹೋಗಲಿಲ್ಲ.

ಹಳಕಟ್ಟಿ ಮತ್ತು ಹಲಸಂಗಿ

ಧಾರವಾಡದಲ್ಲಿ 1880ರಲ್ಲಿ ಜನಿಸಿದ ಫ.ಗು. ಹಳಕಟ್ಟಿಯವರು ಬಿಜಾಪುರದಲ್ಲಿ ವಕೀಲರಾಗಿದ್ದರು. ಮಠಗಳಲ್ಲಿ, ಭಕ್ತರ ಮನೆಗಳಲ್ಲಿ ಪೂಜೆಗೊಳ್ಳುತ್ತ, ಓದುವವರಿಲ್ಲದೆ ಉಳಿದಿದ್ದ ತಾಳೆಗರಿಯ ಕಟ್ಟುಗಳನ್ನು ಊರೂರು ಅಲೆದು ಸಂಗ್ರಹಿಸಿದರು. ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಬೆಳಕು ಕಂಡಿತು. ಮುದ್ರಣಕ್ಕೆ ಪರರನ್ನು ಅವಲಂಬಿಸುವುದು ಕಷ್ಟವೆಂದು ಕಂಡು 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನೂ, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನೂ ಆರಂಭಿಸಿದರು. ಸಂಗ್ರಹಿಸಿದ್ದನ್ನು ಪೆಟ್ಟಿಗೆಯಲ್ಲಿಡದೆ ಓದುಗರ ಮುಂದಿಟ್ಟದ್ದೇ ಅವರ ಹಿರಿಮೆ. ಅವರ ಹೆಸರಿನ ಸಂಶೋಧನಾ ಕೇಂದ್ರವೊಂದು ವಿಜಯಪುರದಲ್ಲಿದೆ.

ಇಂಡಿ ಸೀಮೆಯ ಹಲಸಂಗಿಯದು ಮತ್ತೊಂದು ಬಗೆಯ ಸಂಗ್ರಹ. ಮಧುರಚೆನ್ನ (1903-1953), ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಅವರನ್ನೊಳಗೊಂಡ ‘ಹಲಸಂಗಿ ಗೆಳೆಯರು’ ಬೀಸುವ ಕಲ್ಲಿನ ಮುಂದೆ, ಹೊಲದ ಬದುವಿನಲ್ಲಿ ಕೇಳಿಬರುತ್ತಿದ್ದ ಹಾಡುಗಳನ್ನು ಬರೆದುಕೊಂಡರು. ‘ಗರತಿಯ ಹಾಡು’ 1931ರಲ್ಲಿ ಪ್ರಕಟವಾಯಿತು. ‘ಜೀವನ ಸಂಗೀತ’, ‘ಮಲ್ಲಿಗೆ ದಂಡೆ’ ಅನಂತರ ಬಂದವು. ಒಬ್ಬರು ಕೇಳಿ ತಂದ ಹಾಡನ್ನು ಗೆಳೆಯರೆಲ್ಲ ಕೂಡಿ ಪರಿಶೀಲಿಸುವ ಈ ಪದ್ಧತಿಯು ಇಂದಿನ ಪುಸ್ತಕ ಸಂಗ್ರಾಹಕರ ಕೂಟಗಳಿಗೆ ಹತ್ತಿರವಾದುದು. ಇವೇ ಕೃತಿಗಳ ಆರಂಭದ ಮುದ್ರಣಗಳು ಇಂದು ಸಂಗ್ರಾಹಕರು ಹುಡುಕುವ ವಸ್ತುಗಳಾಗಿವೆ.

ಹೊಸ ಸೇರ್ಪಡೆಯ ವಿವರ ಬರೆಯುವ ಬಗೆ

ಮುಖಪುಟದ ಚಿತ್ರವೊಂದನ್ನು ತೋರಿಸಿದ ಮಾತ್ರಕ್ಕೆ ಪುಸ್ತಕದ ಪರಿಚಯ ಪೂರ್ಣವಾಗುವುದಿಲ್ಲ. ಅನುಭವಿ ಸಂಗ್ರಾಹಕರು ಮೊದಲು ತೆರೆಯುವುದು ಶೀರ್ಷಿಕೆ ಪುಟದ ಹಿಂಬದಿಯನ್ನು. ಕನ್ನಡ ಪ್ರಕಾಶಕರು ಅಲ್ಲಿ ಸಾಮಾನ್ಯವಾಗಿ ಲೇಖಕರ ಹಾಗೂ ಕೃತಿಯ ಹೆಸರು, ಮುದ್ರಣದ ವರ್ಷ, ಪುಟಗಳ ಸಂಖ್ಯೆ, ಬೆಲೆ, ಹಕ್ಕುಗಳು, ಮುದ್ರಣಾಲಯದ ವಿಳಾಸ ನೀಡುತ್ತಾರೆ. ಅನೇಕ ಪುಸ್ತಕಗಳಲ್ಲಿ ಬಳಸಿದ ಕಾಗದ, ಡೆಮಿ ಅಥವಾ ಕ್ರೌನ್ ಅಷ್ಟದಳವೆಂಬ ಆಕಾರ, ಅಚ್ಚಾದ ಪ್ರತಿಗಳ ಸಂಖ್ಯೆ ಸಹ ಇರುತ್ತದೆ. ಸಾವಿರ ಪ್ರತಿ ಎಂಬುದು ಕನ್ನಡದಲ್ಲಿ ಬಹುಕಾಲ ರೂಢಿಯಲ್ಲಿದ್ದ ಸಂಖ್ಯೆ. ಐವತ್ತು ವರ್ಷಗಳ ಹಿಂದೆ ಸಾವಿರ ಪ್ರತಿ ಅಚ್ಚಾಗಿ ಮರುಮುದ್ರಣ ಕಾಣದ ಪುಸ್ತಕದಲ್ಲಿ ಇಂದು ಎಷ್ಟು ಪ್ರತಿ ಉಳಿದಿರಬಹುದೆಂಬುದನ್ನು ಓದುಗರೇ ಊಹಿಸಬಹುದು.

ಹೊಸ ಸೇರ್ಪಡೆಯನ್ನು ದಾಖಲಿಸುವಾಗ ಈ ಅಂಶಗಳು ಇರುವುದು ಒಳ್ಳೆಯದು:

* ಕೃತಿ, ಲೇಖಕ ಅಥವಾ ಸಂಪಾದಕ, ಪ್ರಕಾಶಕ, ಪ್ರಕಟಣೆಯ ಊರು.
* ಎಷ್ಟನೆಯ ಮುದ್ರಣ, ಯಾವ ವರ್ಷ. ಮರುಮುದ್ರಣಕ್ಕೂ ಪರಿಷ್ಕೃತ ಆವೃತ್ತಿಗೂ ಇರುವ ವ್ಯತ್ಯಾಸವನ್ನು ಗುರುತಿಸಬೇಕು. ಮೊದಲನೆಯದರಲ್ಲಿ ಪಠ್ಯ ಅದೇ, ಎರಡನೆಯದರಲ್ಲಿ ಬದಲಾಗಿರುತ್ತದೆ.
* ಪ್ರತಿಯ ಸ್ಥಿತಿ: ರಟ್ಟು, ಹೊಲಿಗೆ, ರಕ್ಷಾಪುಟ, ಕಾಣೆಯಾದ ಹಾಳೆಗಳು.
* ಹಿಂದಿನ ಒಡೆಯರ ಸಹಿ, ಗ್ರಂಥಾಲಯದ ಮುದ್ರೆ, ಅರ್ಪಣೆಯ ಬರಹ. ಇವುಗಳನ್ನು ಅಳಿಸಬಾರದು.
* ಎಲ್ಲಿ, ಯಾವಾಗ, ಎಷ್ಟು ಬೆಲೆಗೆ ದೊರೆಯಿತು.

ಗ್ರಂಥಾಲಯದ ಮುದ್ರೆಯುಳ್ಳ ಹಳೆಯ ಪುಸ್ತಕ ಕೈಗೆ ಬಂದಾಗ, ಅದನ್ನು ಅಧಿಕೃತವಾಗಿ ವಿಲೇವಾರಿ ಮಾಡಿದ ಗುರುತು ಇದೆಯೇ ಎಂದು ನೋಡುವುದು ಅವಶ್ಯ. ಇಲ್ಲವಾದಲ್ಲಿ ಅದು ಮರಳಿಸದೆ ಉಳಿದ ಸಾರ್ವಜನಿಕ ಸ್ವತ್ತಾಗಿರಬಹುದು.

ಪುಸ್ತಕ ದೊರೆಯುವ ದಾರಿಗಳು

ಕನ್ನಡ ಪುಸ್ತಕ ಪ್ರಾಧಿಕಾರ (ಸ್ಥಾಪನೆ: 1993), ಸರ್ಕಾರದ ಅಕಾಡೆಮಿಗಳು ಹಾಗೂ ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳು ರಿಯಾಯಿತಿ ಮಾರಾಟದ ಮೂಲಕ ಹವ್ಯಾಸಿಗಳ ಕಪಾಟು ತುಂಬಿಸಿವೆ. 1933ರಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ ಧಾರವಾಡದ ಮನೋಹರ ಗ್ರಂಥಮಾಲೆ ಉತ್ತರ ಕರ್ನಾಟಕದ ಓದುಗರಿಗೆ ಚಿರಪರಿಚಿತ. ಬೆಂಗಳೂರಿನಲ್ಲಿ 1945ರಲ್ಲಿ ಆರಂಭವಾದ ಸೆಲೆಕ್ಟ್ ಬುಕ್ ಶಾಪ್ ಹಳೆಯ, ಅಪರೂಪದ ಪುಸ್ತಕಗಳಿಗೆ ಹೆಸರಾದುದು. ಸಾಹಿತ್ಯ ಸಮ್ಮೇಳನದ ಮಳಿಗೆಗಳಂತೂ ದೂರದ ಊರುಗಳ ಓದುಗರಿಗೆ ಹಬ್ಬವೇ ಸರಿ. ಕೋ. ಚೆನ್ನಬಸಪ್ಪನವರ ಅಧ್ಯಕ್ಷತೆಯಲ್ಲಿ 2013ರ ಫೆಬ್ರುವರಿಯಲ್ಲಿ ನಡೆದ 79ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಈ ಹಬ್ಬವನ್ನು ಬಿಜಾಪುರಕ್ಕೇ ತಂದಿತ್ತು.

ಇಂಡಿ, ಸಿಂದಗಿಯಂಥ ತಾಲ್ಲೂಕುಗಳಲ್ಲಿ ಕುಳಿತು ಪುಸ್ತಕ ತರಿಸುವವರಿಗೆ ಅಂಚೆ ವೆಚ್ಚ ಮುಖ್ಯ ಪ್ರಶ್ನೆ. ಮುದ್ರಿತ ಪುಸ್ತಕಗಳಿಗೆ ಜಿಎಸ್‌ಟಿ ಇಲ್ಲದಿದ್ದರೂ ಸಾಗಣೆ ವೆಚ್ಚ ಕೆಲವೊಮ್ಮೆ ಹಳೆಯ ಪುಸ್ತಕದ ಬೆಲೆಯನ್ನೇ ಮೀರುತ್ತದೆ. ಕಡಿಮೆ ದರದ ನೋಂದಾಯಿತ ಬುಕ್ ಪೋಸ್ಟ್ ಸೌಲಭ್ಯವನ್ನು ಅಂಚೆ ಇಲಾಖೆ 2024ರ ಡಿಸೆಂಬರ್‌ನಲ್ಲಿ ನಿಲ್ಲಿಸಿದಾಗ ಸಣ್ಣ ಪ್ರಕಾಶಕರು, ಓದುಗರು ಆಕ್ಷೇಪಿಸಿದ್ದರು. 2025ರ ಮೇ ತಿಂಗಳಲ್ಲಿ ‘ಜ್ಞಾನ ಪೋಸ್ಟ್’ ಎಂಬ ಹೊಸ ಸೇವೆ ಆರಂಭವಾಯಿತು. 300 ಗ್ರಾಂ ತೂಕದವರೆಗೆ 20 ರೂಪಾಯಿ, 5 ಕಿಲೋ ತೂಕಕ್ಕೆ 100 ರೂಪಾಯಿ, ಜೊತೆಗೆ ತೆರಿಗೆ ಎಂಬುದು ಆರಂಭದಲ್ಲಿ ಪ್ರಕಟವಾದ ದರ. ಪುಸ್ತಕದಲ್ಲಿ ಮುದ್ರಕರ ಅಥವಾ ಪ್ರಕಾಶಕರ ಹೆಸರಿರಬೇಕೆಂಬ ನಿಯಮವೂ ಇದೆ.

ಕಾಪಾಡುವ ಕ್ರಮ

ಅಗ್ಗದ ಕಾಗದದಲ್ಲಿ ಉಳಿದ ಆಮ್ಲದ ಅಂಶವು ಕಾಲಕ್ರಮೇಣ ಹಾಳೆಯನ್ನು ಹಳದಿಗಟ್ಟಿಸಿ ಹಪ್ಪಳದಂತೆ ಮುರಿಯುವಂತೆ ಮಾಡುತ್ತದೆ. ಬಿಸಿಲು ಮತ್ತು ಉಷ್ಣತೆ ಈ ಕ್ರಿಯೆಯನ್ನು ತ್ವರಿತಗೊಳಿಸುತ್ತವೆ. ಆದ್ದರಿಂದ ವಿಜಯಪುರದಂಥ ಬಿರುಬಿಸಿಲಿನ ಜಿಲ್ಲೆಯಲ್ಲಿ ಕಪಾಟನ್ನು ಕಿಟಕಿಯ ಎದುರಿಗೆ ಇಡಬಾರದು. ಗೋಡೆಗೂ ಕಪಾಟಿಗೂ ನಾಲ್ಕು ಬೆರಳು ಅಂತರವಿದ್ದರೆ ಗಾಳಿಯಾಡುತ್ತದೆ. ಗೆದ್ದಲಿನ ಮಣ್ಣಿನ ಗೆರೆ ಬೇಗ ಕಣ್ಣಿಗೆ ಬೀಳುತ್ತದೆ. ಕೆಳಗಿನ ಹಲಗೆ ನೆಲಕ್ಕೆ ತಾಗದಂತಿರಲಿ. ಹರಿದ ಹಾಳೆಗೆ ಅಂಟುವ ಟೇಪು ಹಚ್ಚುವುದು ತಪ್ಪು. ಕೆಲವು ವರ್ಷಗಳಲ್ಲಿ ಅದರ ಅಂಟು ಕಂದುಗಟ್ಟಿ ಅಕ್ಷರಗಳನ್ನೇ ನುಂಗುತ್ತದೆ. ಮನೆಯಲ್ಲಿ ತಾಳೆಗರಿಯ ಕಟ್ಟುಗಳಿದ್ದರೆ ಅವನ್ನು ಸ್ವತಃ ತೊಳೆಯಲು, ಎಣ್ಣೆ ಹಚ್ಚಲು ಹೋಗದೆ ಹತ್ತಿಯ ಬಟ್ಟೆಯಲ್ಲಿ ಸುತ್ತಿಟ್ಟು ತಜ್ಞರ ನೆರವು ಪಡೆಯುವುದು ಕ್ಷೇಮ.

ಸಂಗ್ರಾಹಕರ ನಂತರ

ಈ ಹವ್ಯಾಸದ ಅತ್ಯಂತ ಕಠಿಣ ಪ್ರಶ್ನೆ ಸಂಗ್ರಾಹಕನ ಕಾಲಾನಂತರದ್ದು. ನಲವತ್ತು ವರ್ಷ ಕೂಡಿಸಿದ ಪುಸ್ತಕಗಳು ನಾಲ್ಕು ದಿನಗಳಲ್ಲಿ ತೂಕದ ಲೆಕ್ಕದಲ್ಲಿ ರದ್ದಿ ಅಂಗಡಿ ಸೇರುವುದು ಅಪರೂಪದ ಸಂಗತಿಯೇನಲ್ಲ. ಇದಕ್ಕೆ ಮನೆಯವರನ್ನು ದೂರುವುದು ನ್ಯಾಯವಲ್ಲ. ಯಾವ ಪುಸ್ತಕ ಏನು, ಅದರ ಬೆಲೆ ಏನು ಎಂಬುದನ್ನು ಸಂಗ್ರಾಹಕ ಬರೆದಿಡದಿದ್ದರೆ ಉಳಿದವರಿಗೆ ತಿಳಿಯುವುದಾದರೂ ಹೇಗೆ?

ಭಿನ್ನ ಹಾದಿ ಹಿಡಿದವರ ಉದಾಹರಣೆಗಳೂ ರಾಜ್ಯದಲ್ಲಿವೆ. ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಯಲ್ಲಿ ಅಂಕೇಗೌಡರು ಬಸ್ ನಿರ್ವಾಹಕರಾಗಿ, ಬಳಿಕ ಸಕ್ಕರೆ ಕಾರ್ಖಾನೆಯ ನೌಕರರಾಗಿ ದುಡಿದ ಹಣದಲ್ಲಿ ಲಕ್ಷಾಂತರ ಪುಸ್ತಕ ಕೂಡಿಸಿ ‘ಪುಸ್ತಕ ಮನೆ’ಯನ್ನು ಸಾರ್ವಜನಿಕರಿಗೆ ಉಚಿತವಾಗಿ ತೆರೆದಿಟ್ಟರು. 2026ರ ಪದ್ಮಶ್ರೀ ಪುರಸ್ಕಾರ ಅವರಿಗೆ ಘೋಷಣೆಯಾಯಿತು. ಮೈಸೂರಿನ ರಾಜೀವನಗರದಲ್ಲಿ ಕೂಲಿ ಕಾರ್ಮಿಕ ಸೈಯದ್ ಇಸಾಕ್ ನಡೆಸುತ್ತಿದ್ದ ಗ್ರಂಥಾಲಯದ ಕಥೆ ಎಚ್ಚರಿಕೆಯದು. 2021ರ ಏಪ್ರಿಲ್‌ನಲ್ಲಿ ಅಲ್ಲಿನ ಸುಮಾರು 11 ಸಾವಿರ ಪುಸ್ತಕಗಳು ಬೆಂಕಿಗೆ ಆಹುತಿಯಾದವು. ನಾಡಿನ ಅನೇಕರು ನೆರವಿಗೆ ಮುಂದಾದರು. ಆದರೆ ಒಂದೇ ಕಡೆ, ಭದ್ರತೆಯಿಲ್ಲದೆ ಇರುವ ಸಂಗ್ರಹ ಎಷ್ಟು ದುರ್ಬಲವೆಂಬುದನ್ನು ಆ ಘಟನೆ ತೋರಿಸಿತು.

ದಾನ ಮಾಡಬಯಸುವವರು ಮೊದಲು ಪಟ್ಟಿ ತಯಾರಿಸಬೇಕು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ವ್ಯಾಪ್ತಿಗೆ ಬಂದಿದ್ದು, ಈಗ ‘ಅರಿವು ಕೇಂದ್ರ’ಗಳೆಂದು ಹೆಸರಾಗಿವೆ. ಮಕ್ಕಳ ಪುಸ್ತಕ, ಕಥೆ-ಕಾದಂಬರಿ, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಿಗೆ ಇವು ಸೂಕ್ತ ಸ್ಥಳ. ಶಾಸನ ಸಂಪುಟ, ಹಳೆಯ ನಿಯತಕಾಲಿಕ, ಸಂಶೋಧನ ಗ್ರಂಥಗಳಿಗೆ ವಿಶ್ವವಿದ್ಯಾಲಯ ಅಥವಾ ಸಂಶೋಧನಾ ಕೇಂದ್ರವೇ ಸರಿಯಾದ ನೆಲೆ. ಎಲ್ಲವನ್ನೂ ಒಂದೇ ಗೋಣಿಯಲ್ಲಿ ಕಟ್ಟಿ ಒಂದೇ ಬಾಗಿಲಿಗೆ ಇಳಿಸಿದರೆ ಪಡೆದವರಿಗೂ ಭಾರ, ಪುಸ್ತಕಕ್ಕೂ ಅನ್ಯಾಯ.

ಹಂಚಿಕೆಯ ಮಿತಿ

ಪುಸ್ತಕದ ಮಾಹಿತಿ ಹಂಚುವುದು ಬೇರೆ, ಪುಸ್ತಕವನ್ನೇ ಪ್ರತಿ ಮಾಡಿ ಹಂಚುವುದು ಬೇರೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರ ಜೀವಿತಾವಧಿಯಲ್ಲಿ ಪ್ರಕಟವಾದ ಕೃತಿಯ ಹಕ್ಕು ಅವರ ನಿಧನದ ಮುಂದಿನ ವರ್ಷದಿಂದ 60 ವರ್ಷ ಉಳಿಯುತ್ತದೆ. ಅಷ್ಟರೊಳಗೆ ಇಡೀ ಪುಸ್ತಕವನ್ನು ಸ್ಕ್ಯಾನ್ ಮಾಡಿ ಹರಿಯಬಿಡುವುದು ಅಪರಾಧ ಮಾತ್ರವಲ್ಲ, ಸಾವಿರ ಪ್ರತಿ ಮಾರಲು ಹೆಣಗುವ ಕನ್ನಡ ಪ್ರಕಾಶಕರ ಹೊಟ್ಟೆಯ ಮೇಲೆ ಹೊಡೆತ.

ಅವಧಿ ಮುಗಿದ ಕೃತಿಗಳ ವಿಷಯ ಹಾಗಲ್ಲ. ಮಧುರಚೆನ್ನರ ಸ್ವಂತ ಕೃತಿಗಳ ಹಕ್ಕಿನ ಅವಧಿ 2013ರ ಅಂತ್ಯಕ್ಕೆ ಮುಗಿದಿದೆ. 1964ರಲ್ಲಿ ನಿಧನರಾದ ಹಳಕಟ್ಟಿಯವರ ಕೃತಿಗಳದು 2024ರ ಅಂತ್ಯಕ್ಕೆ ಮುಗಿಯಿತು. ಹಿತಚಿಂತಕ ಮುದ್ರಣಾಲಯದ ಹಳೆಯ ಪ್ರತಿಯೊಂದು ಇಂಡಿ, ಬಾಗೇವಾಡಿಯ ಯಾವುದೋ ಮನೆಯ ನಾಗಂದಿಗೆಯ ಮೇಲಿದ್ದರೆ, ಅದನ್ನು ಕೆಳಗಿಳಿಸಿ ಧೂಳು ಒರೆಸಿ, ಅದರ ಮುದ್ರಣದ ವಿವರವನ್ನು ನಾಲ್ಕು ಜನರಿಗೆ ತಿಳಿಸಲು ಇದು ಸಕಾಲ. ಅಂಥ ಪ್ರತಿ ಇದೆಯೆಂದು ಗೊತ್ತಾದರೆ ಅದನ್ನು ಉಳಿಸುವವರು ಮುಂದೆ ಬರಬಹುದು.