ಡ್ಯಾಮ್ ಹಿನ್ನೀರಿನಲ್ಲಿ ಓಡುವ ಸಣ್ಣ ಹಾಯಿದೋಣಿ ಸಮುದ್ರಕ್ಕೂ ಸುರಕ್ಷಿತವೇ?

ಹೇಳಿಕೆ: "ಹಿಡಕಲ್ ಹಿನ್ನೀರಿನ ಗಾಳಿ, ಅಲೆ ತಡೆದ ದೋಣಿ ಕಾರವಾರದ ಕಡಲಲ್ಲೂ ತಡೆಯುತ್ತದೆ. ಮೇಲಾಗಿ ಉಪ್ಪುನೀರಿನಲ್ಲಿ ದೋಣಿ ಮುಳುಗುವುದಿಲ್ಲ."

ಸತ್ಯಾಂಶ: ಬಹುಪಾಲು ತಪ್ಪು. ಟ್ರೇಲರ್ ಮೇಲೆ ಸಾಗಿಸಬಹುದಾದ ಸಣ್ಣ ಹಾಯಿದೋಣಿಯನ್ನು ಒಳ್ಳೆಯ ಹವೆಯ ದಿನ ದಡದ ಹತ್ತಿರ, ತಯಾರಿಯೊಂದಿಗೆ ಕಡಲಿಗೆ ಇಳಿಸಬಹುದು. ಆದರೆ ಕೆರೆಗೆಂದೇ ಮಾಡಿದ ದೋಣಿಗೆ ಸಮುದ್ರದ ಅಲೆ, ಉಬ್ಬರವಿಳಿತ ಮತ್ತು ಅಳಿವೆ ಬೇರೆಯೇ ಪರೀಕ್ಷೆ.

ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದವರಿಗೆ ನೀರು ಹೊಸದಲ್ಲ. ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ಘಟಪ್ರಭೆಗೆ ಕಟ್ಟಿದ ರಾಜಾ ಲಖಮಗೌಡ ಜಲಾಶಯ 51 ಟಿಎಂಸಿ ನೀರು ಹಿಡಿಯುತ್ತದೆ. ಅದೇ ನದಿ ಗೋಕಾಕದಲ್ಲಿ ಸುಮಾರು 52 ಮೀಟರ್ ಎತ್ತರದಿಂದ ಧುಮುಕುತ್ತದೆ. 2019ರ ಆಗಸ್ಟ್ ಪ್ರವಾಹದಲ್ಲಿ ನದಿ ಊರೊಳಗೇ ಬಂದದ್ದನ್ನು ಇಲ್ಲಿನವರು ಮರೆತಿಲ್ಲ. ಆದರೆ ಘಟಪ್ರಭೆ ಪೂರ್ವಕ್ಕೆ ಹರಿದು ಕೃಷ್ಣೆ ಸೇರುವ ನದಿ. ಅರಬ್ಬಿ ಸಮುದ್ರ ಇರುವುದು ಘಟ್ಟದ ಆಚೆ ಬದಿಯಲ್ಲಿ. ದೋಣಿಯನ್ನು ಟ್ರೇಲರ್‌ಗೆ ಕಟ್ಟಿದರೆ ಒಂದೇ ದಿನದಲ್ಲಿ ಕಾರವಾರ ತಲುಪಬಹುದು. ಇಲ್ಲಿನ ನೀರಿನ ಅನುಭವ ಅಲ್ಲಿ ಎಷ್ಟು ಕೆಲಸಕ್ಕೆ ಬರುತ್ತದೆ ಎಂಬುದನ್ನು ಒಂದೊಂದಾಗಿ ನೋಡೋಣ.

ಉಪ್ಪುನೀರಿನಲ್ಲಿ ದೋಣಿ ಮುಳುಗುವುದಿಲ್ಲವೇ?

ಮುಳುಗುತ್ತದೆ. ಒಂದು ಲೀಟರ್ ಸಿಹಿನೀರಿನ ತೂಕ ಸುಮಾರು 1000 ಗ್ರಾಂ, ಸಮುದ್ರದ ನೀರಿನದು ಸುಮಾರು 1025 ಗ್ರಾಂ. ವ್ಯತ್ಯಾಸ ಶೇ 2.5 ಮಾತ್ರ. ಜನ, ಸಾಮಾನು ಸೇರಿ 500 ಕೆಜಿ ತೂಗುವ ದೋಣಿ ಹಿಡಕಲ್‌ನಲ್ಲಿ 500 ಲೀಟರ್ ನೀರನ್ನು ಸರಿಸಿ ತೇಲಿದರೆ, ಕಾರವಾರದಲ್ಲಿ ಸುಮಾರು 488 ಲೀಟರ್ ಸರಿಸಿ ತೇಲುತ್ತದೆ. ಅಂದರೆ ಒಂದು ಕೊಡದಷ್ಟು ನೀರಿನ ಲಾಭ. ಒಂದೇ ಅಲೆ ಒಳಗೆ ನುಗ್ಗಿದರೆ ಅದಕ್ಕಿಂತ ಎಷ್ಟೋ ಪಟ್ಟು ನೀರು ತುಂಬುತ್ತದೆ.

ಮನುಷ್ಯರು ನೀರಿನ ಮೇಲೆ ಮಲಗಿ ಪೇಪರ್ ಓದುವ ಫೋಟೊಗಳು ಮೃತ ಸಮುದ್ರದವು. ಅಲ್ಲಿ ಲವಣಾಂಶ ಶೇ 30ಕ್ಕೂ ಹೆಚ್ಚು. ಅರಬ್ಬಿ ಸಮುದ್ರದಲ್ಲಿ ಅದು ಶೇ 3.5ರ ಆಸುಪಾಸು.

ಕಡಲ ಅಲೆಗೂ ಹಿನ್ನೀರಿನ ಅಲೆಗೂ ಏನು ವ್ಯತ್ಯಾಸ?

ಅಲೆ ಎಷ್ಟು ದೊಡ್ಡದಾಗುತ್ತದೆ ಎಂಬುದು ಮೂರು ಸಂಗತಿಗಳ ಮೇಲೆ ನಿಂತಿದೆ: ಗಾಳಿಯ ವೇಗ, ಗಾಳಿ ಬೀಸಿದ ಹೊತ್ತು, ಗಾಳಿಗೆ ಅಡೆತಡೆಯಿಲ್ಲದೆ ಸಿಗುವ ನೀರಿನ ಉದ್ದ. ಹಿನ್ನೀರಿನಲ್ಲಿ ಈ ಉದ್ದ ಕೆಲವೇ ಕಿಲೋಮೀಟರ್. ಹೀಗಾಗಿ ಅಲೆಗಳು ಗಿಡ್ಡ, ಒತ್ತೊತ್ತು. ಎರಡು ಮೂರು ಸೆಕೆಂಡಿಗೊಂದು ಬಡಿಯುತ್ತವೆ. ಗಾಳಿ ನಿಂತರೆ ಸ್ವಲ್ಪ ಹೊತ್ತಿನಲ್ಲಿ ನೀರೂ ಶಾಂತವಾಗುತ್ತದೆ.

ಸಮುದ್ರದಲ್ಲಿ ಹಾಗಲ್ಲ. ಸಾವಿರಾರು ಕಿಲೋಮೀಟರ್ ದೂರದ ಬಿರುಗಾಳಿ ಎಬ್ಬಿಸಿದ ಉದ್ದನೆಯ ಅಲೆ ಇಲ್ಲಿ ಗಾಳಿಯೇ ಇಲ್ಲದ ದಿನವೂ ಬರಬಹುದು. 12 ಸೆಕೆಂಡಿಗೊಮ್ಮೆ ಬರುವ ಅಂಥ ಅಲೆಯ ಉದ್ದ ಆಳ ನೀರಿನಲ್ಲಿ ಸುಮಾರು 225 ಮೀಟರ್. ಅಲ್ಲಿ ಅದು ದೋಣಿಯನ್ನು ಮೆಲ್ಲಗೆ ಎತ್ತಿ ಇಳಿಸುತ್ತದೆ, ಅಷ್ಟೇ. ದಡದ ಹತ್ತಿರ ನೀರು ಆಳ ಕಳೆದುಕೊಂಡಂತೆ ಅದೇ ಅಲೆ ಎದ್ದು ನಿಂತು ಮುರಿಯುತ್ತದೆ. ಸುಮಾರು ಒಂದೂವರೆ ಮೀಟರ್ ಎತ್ತರದ ಅಲೆ ಎರಡು ಮೀಟರ್ ಆಳದಲ್ಲಿ ಮುರಿಯುತ್ತದೆ. ಸಣ್ಣ ದೋಣಿಗೆ ಅಪಾಯವಿರುವುದು ಹೀಗೆ ಮುರಿಯುವ ಅಲೆಯಿಂದ.

1979ರಲ್ಲಿ ಬ್ರಿಟನ್ನಿನ ಫಾಸ್ಟ್‌ನೆಟ್ ಹಾಯಿದೋಣಿ ಸ್ಪರ್ಧೆ ಬಿರುಗಾಳಿಗೆ ಸಿಕ್ಕಿತು. 303 ದೋಣಿಗಳು ಹೊರಟಿದ್ದವು, 15 ಸ್ಪರ್ಧಿಗಳು ಸತ್ತರು. ಆ ದುರಂತದ ನಂತರ ನಡೆದ ಪ್ರಯೋಗಗಳಿಂದ ಒಂದು ಅಂದಾಜು ಸಿಕ್ಕಿತು. ಪಕ್ಕದಿಂದ ಬಡಿಯುವ, ಮುರಿಯುತ್ತಿರುವ ಅಲೆಯ ಎತ್ತರ ದೋಣಿಯ ಉದ್ದದ ಶೇ 30ರಷ್ಟಿದ್ದರೂ ದೋಣಿ ಮಗುಚಬಹುದು. ನಿಮ್ಮ ದೋಣಿ 5 ಮೀಟರ್ ಉದ್ದವಿದ್ದರೆ ಒಂದೂವರೆ ಮೀಟರ್ ಅಲೆ ಸಾಕು.

ಮುನ್ಸೂಚನೆಯಲ್ಲಿ "ಅಲೆ 1 ಮೀಟರ್" ಎಂದಿದ್ದರೆ ಎಲ್ಲ ಅಲೆಯೂ ಅಷ್ಟೇ ಎಂದಲ್ಲ. ಅದು ದೊಡ್ಡ ಮೂರನೇ ಒಂದು ಭಾಗದ ಅಲೆಗಳ ಸರಾಸರಿ. ಕೆಲವು ಗಂಟೆಗಳಲ್ಲಿ ಒಂದು ಅಲೆ ಅದರ ದುಪ್ಪಟ್ಟಿನ ಹತ್ತಿರ ಬರಬಹುದು. "ಏಳನೇ ಅಲೆಯೇ ದೊಡ್ಡದು" ಎಂಬ ಲೆಕ್ಕಕ್ಕೆ ಆಧಾರವಿಲ್ಲ. ದೊಡ್ಡ ಅಲೆ ಎಣಿಸಿಕೊಂಡು ಬರುವುದಿಲ್ಲ.

ಯಾವ ದೋಣಿ ಯಾವ ನೀರಿಗೆ?

ಅಗಲ ತಳದ ದೋಣಿ ನೀರಿನ ಮೇಲೆ ಇಟ್ಟ ಪರಾತದಂತೆ. ಶಾಂತ ನೀರಿನಲ್ಲಿ ಅಲುಗಾಡುವುದಿಲ್ಲ. ಒಂದು ಮಿತಿ ಮೀರಿ ವಾಲಿದರೆ ಮಾತ್ರ ನೀರು ತುಂಬಿ ಮಗುಚುತ್ತದೆ, ಮತ್ತೆ ತಾನಾಗಿ ಏಳುವುದಿಲ್ಲ. ಕಡಲಿಗೆಂದು ಮಾಡಿದ ಹಾಯಿದೋಣಿಯ ತಳದಲ್ಲಿ ಭಾರವಾದ ಕೀಲ್ ಇರುತ್ತದೆ. ಅದು ತಂಜಾವೂರು ಬೊಂಬೆಯಂತೆ, ಬಗ್ಗಿಸಿದರೂ ಎದ್ದು ನಿಲ್ಲುತ್ತದೆ. ಟ್ರೇಲರ್ ಮೇಲೆ ಹೋಗುವ ಸಣ್ಣ ದೋಣಿಗಳಲ್ಲಿ ಸಾಮಾನ್ಯವಾಗಿ ಮೇಲೆತ್ತಬಹುದಾದ ಹಲಗೆ ಮಾತ್ರ ಇರುತ್ತದೆ.

ಯುರೋಪಿನಲ್ಲಿ ಮಾರುವ ವಿಹಾರ ದೋಣಿಗಳಿಗೆ ಎ, ಬಿ, ಸಿ, ಡಿ ಎಂಬ ದರ್ಜೆ ಇರಬೇಕು. 'ಡಿ' ಕೆರೆ, ನದಿಯಂಥ ಆಸರೆಯ ನೀರಿಗೆ: ಅಲೆ 0.3 ಮೀಟರ್‌ವರೆಗೆ, ಅಪರೂಪಕ್ಕೆ 0.5 ಮೀಟರ್. 'ಸಿ' ಕರಾವಳಿ ಹತ್ತಿರಕ್ಕೆ: 2 ಮೀಟರ್‌ವರೆಗೆ. 'ಬಿ' ದಡದಿಂದ ದೂರಕ್ಕೆ: 4 ಮೀಟರ್‌ವರೆಗೆ. ಹಳೆಯ ದೋಣಿ ಕೊಳ್ಳುವಾಗ ಈ ಫಲಕವಿದ್ದರೆ ಮೊದಲು ಅದನ್ನು ಓದಿ. 'ಡಿ' ಎಂದಿದ್ದರೆ ಅದು ಹಿನ್ನೀರಿನ ದೋಣಿ.

ಹಾಗಾದರೆ ಸಣ್ಣ ದೋಣಿಯಲ್ಲಿ ಯಾರೂ ಕಡಲು ದಾಟಿಲ್ಲವೇ?

ದಾಟಿದ್ದಾರೆ. ಇಂಗ್ಲೆಂಡಿನ ಫ್ರಾಂಕ್ ಡೈ 1963ರಲ್ಲಿ 16 ಅಡಿಯ ತೆರೆದ ಹಾಯಿದೋಣಿಯಲ್ಲಿ ಸ್ಕಾಟ್ಲೆಂಡಿನಿಂದ ಐಸ್‌ಲ್ಯಾಂಡಿಗೆ ಹೋದರು. ಇಂಥ ಕಥೆ ಹೇಳುವಾಗ ಮುಂದಿನದ್ದನ್ನು ಬಿಡಬಾರದು. ಮರುವರ್ಷ ನಾರ್ವೆಯ ಯಾನದಲ್ಲಿ ಅದೇ ದೋಣಿ ಬಿರುಗಾಳಿಗೆ ಹಲವು ಬಾರಿ ಮಗುಚಿತು, ಹಾಯಿಕಂಬ ಮುರಿಯಿತು. ಬದುಕಿ ಬಂದದ್ದು ವರ್ಷಗಳ ಅಭ್ಯಾಸದಿಂದ.

ನಮ್ಮ ನೌಕಾಪಡೆಯ ದಿಲ್ನಾ ಕೆ. ಮತ್ತು ರೂಪಾ ಎ. 2024ರ ಅಕ್ಟೋಬರ್‌ನಲ್ಲಿ ಗೋವಾದಿಂದ ಹೊರಟು 2025ರ ಮೇನಲ್ಲಿ ಹಾಯಿದೋಣಿಯಲ್ಲೇ ಭೂಮಿ ಸುತ್ತಿ ಬಂದರು. ಅವರ 'ತಾರಿಣಿ' 56 ಅಡಿಯದು, ಭಾರವಾದ ಕೀಲ್ ಇರುವಂಥದ್ದು. ಆ ವಿಡಿಯೊ ನೋಡಿ ನಮ್ಮ 15 ಅಡಿಯ ದೋಣಿಗೆ ಧೈರ್ಯ ತಂದುಕೊಳ್ಳುವುದು ಸರಿಯಲ್ಲ.

ನಿಜವಾದ ಅಪಾಯ ಎಲ್ಲಿದೆ?

ಅಳಿವೆಯಲ್ಲಿ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಕಡಲು ಸೇರುವ ಬಾಯಲ್ಲಿ ಮರಳಿನ ದಿಬ್ಬಗಳಿರುತ್ತವೆ. ಇಳಿತದ ಹೊತ್ತಿನಲ್ಲಿ ನದಿಯ ನೀರು ಹೊರಗೆ ನುಗ್ಗುತ್ತದೆ, ಕಡಲ ಅಲೆ ಒಳಗೆ ಬರುತ್ತದೆ. ಎರಡೂ ಎದುರಾದ ಕಡೆ ಅಲೆ ಕಡಿದಾಗಿ ಮುರಿಯುತ್ತದೆ. ಅಲ್ಲೇ ಹುಟ್ಟಿ ಬೆಳೆದ ಮೀನುಗಾರರ ದೋಣಿಗಳೂ ಅಳಿವೆಯಲ್ಲಿ ಮಗುಚಿದ್ದಿದೆ. ಬೆಳಿಗ್ಗೆ ಭರತದಲ್ಲಿ ಸಲೀಸಾಗಿ ದಾಟಿದ ಜಾಗವೇ ಮಧ್ಯಾಹ್ನ ಇಳಿತದಲ್ಲಿ ಬಾಗಿಲು ಮುಚ್ಚಬಹುದು.

ಗಾಳಿಯೂ ದಿಕ್ಕು ಬದಲಿಸುತ್ತದೆ. ಬೇಸಿಗೆಯ ಮುಂಜಾನೆ ನೆಲದಿಂದ ಕಡಲಿಗೆ, ಮಧ್ಯಾಹ್ನ ಕಡಲಿಂದ ನೆಲಕ್ಕೆ. ಬೆಳಗಿನ ಗಾಳಿ ಸುಲಭವಾಗಿ ದೂರ ಒಯ್ಯುತ್ತದೆ, ವಾಪಸು ತರುವುದಿಲ್ಲ. ಹಿನ್ನೀರಿನಲ್ಲಿ ಗಾಳಿ ತಳ್ಳಿದರೆ ಯಾವುದೋ ಒಂದು ದಡ ಸಿಗುತ್ತದೆ. ಇಲ್ಲಿ ಎದುರಿಗೆ ದಡವಿಲ್ಲ.

2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ಅವರಲ್ಲಿ ಒಳನಾಡಿನಿಂದ ಬಂದ ಭಕ್ತರೂ ಇದ್ದರು. ದೋಣಿಯಲ್ಲಿ ಮಿತಿಗಿಂತ ಹೆಚ್ಚು ಜನರಿದ್ದರು ಎಂದು ಆಗ ವರದಿಯಾಗಿತ್ತು. ದಡ ಕಣ್ಣಿಗೆ ಕಾಣುತ್ತಿದ್ದರೆ ಅಪಾಯವಿಲ್ಲ ಎಂಬ ನಂಬಿಕೆಗೆ ಇದೇ ಉತ್ತರ.

ಹೋಗಲೇಬೇಕೆಂದರೆ ಏನು ಮಾಡಬೇಕು?

1. ಕಾಲ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೇ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧವಿದೆ.

2. ಮುನ್ಸೂಚನೆ ಓದಿ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅಲೆ, ಗಾಳಿ, ಉಬ್ಬರವಿಳಿತದ ಮಾಹಿತಿಯನ್ನು ಉಚಿತವಾಗಿ ಕೊಡುತ್ತದೆ. ಸಣ್ಣ ದೋಣಿಗಳಿಗೆ ಬೇರೆಯೇ ಎಚ್ಚರಿಕೆಯೂ ಇದೆ. ಎಚ್ಚರಿಕೆ ಇದ್ದ ದಿನ ದೋಣಿ ಟ್ರೇಲರ್ ಮೇಲೇ ಇರಲಿ.

3. ಅಭ್ಯಾಸ ಹಿನ್ನೀರಿನಲ್ಲಿ ಆಗಲಿ. ಜಲಾಶಯದ ಅಧಿಕಾರಿಗಳ ಅನುಮತಿ ಪಡೆದು, ಲೈಫ್ ಜಾಕೆಟ್ ಹಾಕಿ, ದೋಣಿಯನ್ನು ಬೇಕೆಂದೇ ಮಗುಚಿ ಮತ್ತೆ ಎತ್ತಿ ನೋಡಿ. ಗಾಳಿ ಏರಿದಾಗ ಹಾಯಿ ಕುಗ್ಗಿಸುವುದನ್ನೂ ಕಲಿಯಿರಿ. ಹಿಡಕಲ್‌ನಲ್ಲಿ ಬಾರದ್ದು ಕಾರವಾರದಲ್ಲಿ ಬರುವುದಿಲ್ಲ.

4. ಲೈಫ್ ಜಾಕೆಟ್ ಮೈಮೇಲಿರಲಿ, ಸೀಟಿನ ಕೆಳಗಲ್ಲ. 50 ನ್ಯೂಟನ್‌ನದು ಈಜು ಬಲ್ಲವರಿಗೆ, ಸಹಾಯ ಹತ್ತಿರವಿದ್ದಾಗ ಮಾತ್ರ. 100 ನ್ಯೂಟನ್‌ನದು ಆಸರೆಯ ನೀರಿಗೆ, 150 ನ್ಯೂಟನ್‌ನದು ತೆರೆದ ಕಡಲಿಗೆ.

5. ಅನುಮತಿ ಕೇಳಿ. ಕರ್ನಾಟಕ ಜಲಸಾರಿಗೆ ಮಂಡಳಿಯ ಬಂದರು ಕಚೇರಿ ಮತ್ತು ಕರಾವಳಿ ಕಾವಲು ಪೊಲೀಸರಿಗೆ ತಿಳಿಸದೆ ಇಳಿಯಬೇಡಿ. ಕಾರವಾರದಲ್ಲಿ ಕದಂಬ ನೌಕಾನೆಲೆ ಇದೆ. ಅದರ ಸುತ್ತಲಿನ ನೀರಿಗೆ ಹೋಗುವಂತಿಲ್ಲ.

6. ಮೊದಲ ಸಲ ಅಳಿವೆಯ ಒಳಗೇ ಓಡಿಸಿ. ಹೊರಗೆ ಹೋಗುವುದಾದರೆ ಭರತದ ಸಮಯದಲ್ಲಿ, ಸ್ಥಳೀಯ ಮೀನುಗಾರರನ್ನು ಕೇಳಿಕೊಂಡು ಹೋಗಿ. ಅವರು "ಇವತ್ತು ಬೇಡ" ಎಂದರೆ ಬೇಡ.

7. ಕುಡಿಯುವ ನೀರು, ಸಣ್ಣ ಎಂಜಿನ್ ಅಥವಾ ಹುಟ್ಟು, ಲಂಗರು, ನೀರು ಮೊಗೆಯುವ ಬಕೆಟ್, ಸೀಟಿ, ಟಾರ್ಚ್ ಇರಲಿ. ಮೊಬೈಲ್ ಒಂದನ್ನೇ ನಂಬಬೇಡಿ, ಹೊರಗೆ ಸಿಗ್ನಲ್ ಕೈಕೊಡುತ್ತದೆ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ದಡದಲ್ಲಿ ಒಬ್ಬರಿಗೆ ಬರೆದುಕೊಡಿ.

8. ಮಗುಚಿದರೆ ದೋಣಿಯನ್ನು ಹಿಡಿದುಕೊಂಡೇ ಇರಿ. ಹುಡುಕುವವರಿಗೆ ದೋಣಿ ಕಾಣುತ್ತದೆ, ಒಂಟಿ ತಲೆ ಕಾಣುವುದಿಲ್ಲ. ಘಟಪ್ರಭೆ ಈಜಿದ ಧೈರ್ಯದಲ್ಲಿ ದಡಕ್ಕೆ ಈಜಲು ಹೊರಡಬೇಡಿ. ಕರಾವಳಿ ರಕ್ಷಣಾ ಪಡೆಯ ತುರ್ತು ಸಂಖ್ಯೆ 1554, ಕರಾವಳಿ ಕಾವಲು ಪೊಲೀಸ್ 1093.

9. ಮರಳಿ ಬಂದಮೇಲೆ ದೋಣಿ, ಎಂಜಿನ್, ಟ್ರೇಲರ್ ಎಲ್ಲವನ್ನೂ ಸಿಹಿನೀರಿನಲ್ಲಿ ತೊಳೆಯಿರಿ. ಬಿಸಿಯಾದ ಚಕ್ರವನ್ನು ಕೂಡಲೇ ಉಪ್ಪುನೀರಿಗೆ ಇಳಿಸಿದರೆ ಬೇರಿಂಗ್ ಒಳಗೆ ನೀರು ಸೇರುತ್ತದೆ. ಅದು ಕೈಕೊಡುವುದು ಘಟ್ಟ ಹತ್ತುವಾಗ.

ಕೊನೆಯ ಮಾತು

ಸಣ್ಣ ಹಾಯಿದೋಣಿಗೆ ಕಡಲು ನಿಷಿದ್ಧವಲ್ಲ. ದಿನ, ಜಾಗ, ದೂರ ಈ ಮೂರನ್ನೂ ದೋಣಿಯ ಶಕ್ತಿಗೆ ತಕ್ಕಂತೆ ಆರಿಸಿಕೊಳ್ಳಬೇಕು. "ಉಪ್ಪುನೀರಲ್ಲಿ ಏನೂ ಆಗುವುದಿಲ್ಲ" ಎಂಬ ಮೆಸೇಜ್ ನಿಮ್ಮ ಗ್ರೂಪಿಗೆ ಬಂದರೆ ಅದನ್ನು ಮುಂದೆ ಕಳಿಸಬೇಡಿ. ಪ್ರವಾಸಕ್ಕೆ ಹೊರಟವರಿಗೆ 1554 ಸಂಖ್ಯೆಯನ್ನು ಕಳಿಸಿ.